ಅಪಾಸ್ಟ್ರಫಿಯ ಅವಾಂತರಕ್ಕೆ ಹೊಣೆ ಯಾರು?

ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಇಂಗ್ಲಿಷಿನ ಒಂದು ಚಿಹ್ನೆಯ ಬಗ್ಗೆ ಬರೆಯ ಹೊರಟಿದ್ದೇವೆಂದರೆ ಕೆಲವರು ಮೂಗು ಮುರಿಯುವುದು ಖಂಡಿತ. “ರಾಜ್ಯೋತ್ಸವದ ಬಗ್ಗೆ ಬರೆಯಿರಿ, ಇಲ್ಲಿಯ ಕನ್ನಡ ಶಾಲೆಗಳ ಗತಿಯ ಬಗ್ಗೆ ಬರೆಯಿರಿ, ಆ ಇಂಗ್ಲಿಷರ ಅಪಾಸ್ಟ್ರಫಿಯ ಉಸಾಬರಿ ನಮಗೇಕೆ?” ಎಂದು ಕೇಳುವವರಿದ್ದಾರೆ. ಉಸಾಬರಿ ನಮಗೆ ಬೇಕು. ಏಕೆಂದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮುಂಬಯಿಗೆ ಬಂದ ನಮ್ಮಲ್ಲಿ ಬಹುಮಂದಿ ಉಣ್ಣುತ್ತಿರುವುದು ಇಂಗ್ಲಿಷ್ ಬರೆದು. ಹೋಟೆಲಿನವರ ಮಾತು ಬೇರೆ; ಸರಕಾರಿ ಕಚೇರಿ, ಬ್ಯಾಂಕು, ವಿಮಾ ಕಂಪೆನಿ, ಶಾಲೆ ಎಂದು ಹಂಚಿಹೋಗಿರುವ ನಾವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಗುಮಾಸ್ತರೇ. ಅಕ್ಕಿಯ ಅಂಗಡಿಯವನು ತೂಕದಲ್ಲಿ ಐವತ್ತು ಗ್ರಾಂ ತಪ್ಪಿದರೆ ಜಗಳ ಕಾಯುವ ನಾವು, ನಾವೇ ಮಾರುವ ಸರಕಿನಲ್ಲಿ ಕಾಳು ಯಾವುದು, ಕಲ್ಲು ಯಾವುದು ಎಂದು ನೋಡದಿದ್ದರೆ ಹೇಗೆ?

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಮಕ್ಕಳು ಈ ಚಿಹ್ನೆಯನ್ನು ಬೇಡದ ಕಡೆ ಹಾಕಿ, ಬೇಕಾದ ಕಡೆ ಬಿಡುತ್ತಿರುವುದು ಇಂಗ್ಲಿಷ್ ಸಾಲದೆ ಅಲ್ಲ, ಕನ್ನಡ ಸಾಲದೆ ಎಂಬುದು ನಮ್ಮ ವಾದ. ವಿಚಿತ್ರವಾಗಿ ಕಂಡರೂ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು.

ರೋಗಲಕ್ಷಣ ನೋಡಲು ದೂರ ಹೋಗಬೇಕಾಗಿಲ್ಲ. (ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಡುತ್ತೇವೆ, ಆ ಸಣ್ಣ ಗುರುತು ಎಲ್ಲಿ ಕೂತಿದೆ ಎಂಬುದರ ಮೇಲೆ ಮಾತ್ರ ಕಣ್ಣಿರಲಿ.) ಹೌಸಿಂಗ್ ಸೊಸೈಟಿಯ ನೋಟೀಸ್ ಬೋರ್ಡಿನಲ್ಲಿ “ಆಲ್ ಮೆಂಬರ್’ಸ್ ಆರ್ ರಿಕ್ವೆಸ್ಟೆಡ್” ಎಂದಿರುತ್ತದೆ. ಮೂರನೆಯ ಮಹಡಿಯ ಬಾಗಿಲ ಮೇಲೆ “ದಿ ರಾವ್’ಸ್” ಎಂಬ ಹಿತ್ತಾಳೆಯ ಫಲಕ. ಮಗುವಿನ ಶಾಲೆಯ ಡೈರಿಯಲ್ಲಿ “ಪೇರೆಂಟ್’ಸ್ ಮೀಟಿಂಗ್”, ಅಂದರೆ ಒಬ್ಬನೇ ಪೋಷಕನ ಸಭೆ. ಉಳಿದವರು ಮನೆಯಲ್ಲೇ ಇರಬಹುದು! ಕೋಚಿಂಗ್ ಕ್ಲಾಸಿನ ಕರಪತ್ರದಲ್ಲಿ “ಅವರ್ ಟಾಪರ್’ಸ್”. ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಸಾವಿರಾರು ರೂಪಾಯಿ ಎಣಿಸಿಕೊಳ್ಳುವವರ ಕರಪತ್ರದ ಅವಸ್ಥೆ ಇದು. ಎಲ್ಲಿ ಪದದ ಕೊನೆಗೆ ಸಕಾರ ಕಂಡಿತೋ ಅಲ್ಲಿ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ, ಒಂದು ಗುರುತು ಉದುರಿಸಿಬಿಡುವುದು ರೂಢಿಯಾಗಿದೆ.

ಇಂಗ್ಲಿಷಿನವರೇ ಇದರಲ್ಲಿ ಎಡವುತ್ತಾರೆ ಎಂಬುದು ನಿಜ. ಏಕೆ ಎಡವುತ್ತಾರೆಂದು ನೋಡಿದರೆ ನಮ್ಮ ವಾದಕ್ಕೆ ದಾರಿ ಸಿಗುತ್ತದೆ. ಹುಡುಗರು ಎನ್ನಲು ಅವರು ಬಾಯ್ಸ್ ಎನ್ನುತ್ತಾರೆ. ಹುಡುಗನ ಎನ್ನಲೂ ಬಾಯ್ಸ್. ಹುಡುಗರ ಎನ್ನಲೂ ಅದೇ ಬಾಯ್ಸ್. ಬಾಯಿಗೆ ಮೂರೂ ಒಂದೇ, ಕಿವಿಗೆ ಮೂರೂ ಒಂದೇ. ಆದುದರಿಂದ ಕಣ್ಣಿಗಾದರೂ ವ್ಯತ್ಯಾಸ ತಿಳಿಯಲೆಂದು ಬರೆವಣಿಗೆಯಲ್ಲಿ ಗುರುತು ಮಾಡಿಕೊಂಡರು. ಬರೀ ಬಹುವಚನಕ್ಕೆ ಏನೂ ಇಲ್ಲ: ಬಾಯ್ಸ್. ಒಬ್ಬನದಾದರೆ ಸಕಾರದ ಮೊದಲು: ಬಾಯ್’ಸ್. ಹಲವರದಾದರೆ ಸಕಾರದ ಆಚೆಗೆ: ಬಾಯ್ಸ್’. ಹುಟ್ಟಿನಿಂದ ಕಿವಿಯಲ್ಲಿ ಕೇಳದ ಭೇದವನ್ನು ಕೈಯಲ್ಲಿ ಬರೆಯಬೇಕಾದ ಸಂಕಟ ಇಂಗ್ಲಿಷ್ ಮಗುವಿನದು.

ಕನ್ನಡದ ಮಗುವಿಗೆ ಈ ಸಂಕಟ ಇಲ್ಲವೇ ಇಲ್ಲ. ಹುಡುಗರು, ಹುಡುಗನ, ಹುಡುಗರ. ಪುಸ್ತಕಗಳು, ಪುಸ್ತಕದ, ಪುಸ್ತಕಗಳ. ಮೂರಕ್ಕೆ ಮೂರು ರೂಪ, ಮೂರೂ ಕಿವಿಗೆ ಬೇರೆ ಬೇರೆ. ಪ್ರಥಮಾ ವಿಭಕ್ತಿಯ ಉಕಾರ ಹೋಗಿ ಷಷ್ಠಿಯ ಅಕಾರ ಬಂದರೆ ಅರ್ಥ ಬದಲಾಯಿತೆಂದು ಮೂರು ವರ್ಷದ ಕೂಸಿಗೂ ಗೊತ್ತು. ಕೇಶಿರಾಜನ ಸೂತ್ರ ಅದಕ್ಕೆ ಬೇಕಾಗಿಲ್ಲ. ಹೀಗಿರುವಾಗ ನಾವು ಮಾಡಬೇಕಾದ್ದು ಇಷ್ಟೆ: ಲೇಖನಿ ಎತ್ತುವ ಮೊದಲು ಆ ಮಾತನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಬೇಕು. ‘ರು’, ‘ಗಳು’ ಬಂದರೆ ಗುರುತು ಬೇಡ. ‘ನ’, ‘ದ’, ‘ಯ’ ಬಂದರೆ ಸಕಾರದ ಮೊದಲು. ‘ರ’, ‘ಗಳ’ ಬಂದರೆ ಸಕಾರದ ಆಮೇಲೆ. “ಆಲ್ ಮೆಂಬರ್ಸ್ ಆರ್ ರಿಕ್ವೆಸ್ಟೆಡ್” ಎಂಬಲ್ಲಿ ‘ಎಲ್ಲ ಸದಸ್ಯರು’ ಎನ್ನುತ್ತೇವೆಯೇ ಹೊರತು ‘ಎಲ್ಲ ಸದಸ್ಯನ’ ಎನ್ನುತ್ತೇವೆಯೆ? ಪೇರೆಂಟ್ಸ್ ಮೀಟಿಂಗ್ ಎಂದರೆ ಪೋಷಕರ ಸಭೆ. ‘ರ’ ಬಂತು, ಗುರುತು ಕೊನೆಗೆ ಹೋಯಿತು. ಮೆನ್, ವಿಮೆನ್, ಚಿಲ್ಡ್ರನ್ ಮುಂತಾಗಿ ಸಕಾರವಿಲ್ಲದೆಯೇ ಬಹುವಚನವಾಗಿರುವ ಪದಗಳಿಗೆ ಗುರುತು ಹಾಕಿ ಆಮೇಲೆ ಸಕಾರ ಬರೆಯಬೇಕೆಂಬುದಷ್ಟೇ ಹೆಚ್ಚಿನ ನೆನಪು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಎಣಿಕೆಯ ಜತೆಗೆ ಬಂದಾಗ ಕನ್ನಡ ‘ಗಳು’ ಬಿಟ್ಟುಬಿಡುತ್ತದೆ. ನಾಲ್ಕು ಪುಸ್ತಕ, ಹತ್ತು ರೂಪಾಯಿ, ಎರಡು ದಿನ. ಹಾಗಾಗಿ ಎರಡು ದಿನದ ರಜೆ ಎಂದುಕೊಂಡು ಅರ್ಜಿ ಬರೆಯ ಕೂತರೆ “ಟೂ ಡೇ’ಸ್ ಲೀವ್” ಆಗಿಬಿಡುತ್ತದೆ. ‘ಎರಡು ದಿನಗಳ’ ಎಂದು ಪೂರ್ತಿ ಹೇಳಿಕೊಂಡರೆ “ಟೂ ಡೇಸ್’ ಲೀವ್” ಎಂಬ ಸರಿಯಾದ ರೂಪ ಬರುತ್ತದೆ. ಒಂದೇ ದಿನದ ರಜೆಯಾದರೆ “ಒನ್ ಡೇ’ಸ್ ಲೀವ್”. ಕ್ಯಾಷುಯಲ್ ಲೀವಿನ ಅರ್ಜಿ ಬರೆಯದ ಗುಮಾಸ್ತನಿಲ್ಲ; ಅದರಲ್ಲಿ ಗುರುತು ಸರಿಯಾಗಿ ಹಾಕಿದ ಗುಮಾಸ್ತನನ್ನು ದೀಪ ಹಿಡಿದು ಹುಡುಕಬೇಕು. ರಜೆ ಹೇಗೂ ಮಂಜೂರಾಗುತ್ತದಲ್ಲ ಎಂಬ ಧೈರ್ಯ!

“ಅರ್ಥವಾದರೆ ಸಾಕು, ಗುರುತಿನಲ್ಲಿ ಏನಿದೆ?” ಎಂಬುದು ನಮ್ಮ ಕಚೇರಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಇದು ಸೋಮಾರಿಗಳ ವೇದಾಂತ. ನಾವು ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದಲ್ಲಿ ‘ಸಿ’ ಅಕ್ಷರದ ಮುಂದೆ ದೊಡ್ಡ ‘ಓ’ ಬರೆದರೆ ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡ್, ಚಿಕ್ಕ ‘ಓ’ ಬರೆದರೆ ಕೋಬಾಲ್ಟ್ ಎಂಬ ಲೋಹ. ‘ಅರ್ಥವಾದರೆ ಸಾಕು ಸಾರ್’ ಎಂದವನಿಗೆ ಸೊನ್ನೆ ಬೀಳುತ್ತಿತ್ತು. ವಿಜ್ಞಾನಕ್ಕೆ ಒಂದು ನ್ಯಾಯ, ಭಾಷೆಗೆ ಒಂದು ನ್ಯಾಯವೆ?

ನಮ್ಮ ಕಸುಬಿಗೆ ಹತ್ತಿರದ ಉದಾಹರಣೆಯನ್ನೇ ನೋಡೋಣ. 1923ರಲ್ಲಿ, ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಕೊಡಿಸಲು ಬಂದ ಕಾಯಿದೆಯ ಹೆಸರು ವರ್ಕ್‌ಮೆನ್’ಸ್ ಕಾಂಪೆನ್ಸೇಷನ್ ಆಕ್ಟ್. ಮೆನ್ ಎಂಬುದೇ ಬಹುವಚನ, ಆದುದರಿಂದ ಗುರುತು ಸಕಾರದ ಮೊದಲಿದ್ದರೂ ಅರ್ಥ ‘ಕೆಲಸಗಾರರ’. 1948ರ ರಾಜ್ಯ ವಿಮಾ ಕಾಯಿದೆಯಲ್ಲೂ 1952ರ ಭವಿಷ್ಯನಿಧಿ ಕಾಯಿದೆಯಲ್ಲೂ ಎಂಪ್ಲಾಯೀಸ್’ ಎಂದು ಗುರುತು ಕೊನೆಗೆ, ಅಂದರೆ ‘ನೌಕರರ’. ಬಳಿಕ 2009ರಲ್ಲಿ 1923ರ ಕಾಯಿದೆಗೆ ತಿದ್ದುಪಡಿಯಾಯಿತು. ದುಡಿಯುವವರಲ್ಲಿ ಹೆಂಗಸರೂ ಇದ್ದಾರೆಂಬ ಅರಿವು ತಡವಾಗಿಯಾದರೂ ಬಂದು ‘ವರ್ಕ್‌ಮೆನ್’ ಎಂಬುದನ್ನು ತೆಗೆದರು. ಒಳ್ಳೆಯದೇ. ಆದರೆ ಬದಲಿಗೆ ಬರೆದದ್ದು ಎಂಪ್ಲಾಯೀ’ಸ್ ಎಂದು. ಗುರುತು ಸಕಾರದ ಮೊದಲೇ ಉಳಿಯಿತು, ‘ನೌಕರರ’ ಇದ್ದದ್ದು ‘ನೌಕರನ’ ಆಯಿತು. ಏಕವಚನದಲ್ಲಿ ಹೇಳಿದ್ದು ಬಹುವಚನಕ್ಕೂ ಸಲ್ಲುತ್ತದೆಂದು 1897ರ ಜನರಲ್ ಕ್ಲಾಸಸ್ ಆಕ್ಟಿನ ಹದಿಮೂರನೆಯ ಸೆಕ್ಷನ್ ಹೇಳುವುದರಿಂದ ಯಾರ ಪರಿಹಾರಕ್ಕೂ ಧಕ್ಕೆಯಾಗಲಿಲ್ಲ, ಸರಿ. ಆದರೆ ಈ ಎರಡು ಬಗೆಯ ಹೆಸರುಗಳನ್ನು ಕಡತದಲ್ಲಿ ಬರೆಯಬೇಕಾದ ಗುಮಾಸ್ತ ಎಷ್ಟು ಎಚ್ಚರದಿಂದಿರಬೇಕು, ನೀವೇ ಹೇಳಿ. ನಾವು ಕಂಡ ಟಿಪ್ಪಣಿಗಳಲ್ಲಿ ಒಂದೇ ಪುಟದಲ್ಲಿ ಮೂರು ರೂಪಗಳೂ ಸೌಹಾರ್ದದಿಂದ ಬಾಳುತ್ತಿದ್ದುದುಂಟು.

ಎಲ್ಲ ಸಲವೂ ಇಷ್ಟು ಸುಲಭವಾಗಿ ಬಚಾವಾಗುವುದಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಒಬ್ಬ ಮನೆ ಮಾರಾಟದ ಏಜೆಂಟ್, ತನ್ನ ಹಿಂದಿನ ಧಣಿ ನೌಕರನಿಗೆ ಸಲ್ಲಬೇಕಾದ ನಿವೃತ್ತಿ ನಿಧಿ ಕಟ್ಟುವುದಿಲ್ಲವೆಂದು ಫೇಸ್‌ಬುಕ್ಕಿನಲ್ಲಿ ಬರೆದ. ಎಂಪ್ಲಾಯೀಸ್ ಎಂಬ ಪದಕ್ಕೆ ಗುರುತು ಹಾಕಲಿಲ್ಲ. ಮಾನನಷ್ಟದ ದಾವೆ ಬಿತ್ತು. ‘ನಾನು ಹೇಳಿದ್ದು ನನ್ನೊಬ್ಬನ ವಿಷಯ’ ಎಂಬ ಅರ್ಥ ಬರಲು ಗುರುತು ಸಕಾರದ ಮೊದಲಿರಬೇಕಿತ್ತು. ಅದಿಲ್ಲದ್ದರಿಂದ ‘ನೌಕರರಿಗೆಲ್ಲ ಹೀಗೇ ಮಾಡುತ್ತಾನೆ’ ಎಂದು ಓದಲು ಅವಕಾಶವಾಯಿತು. ದಾವೆಯನ್ನು ಮೊದಲಲ್ಲೇ ವಜಾ ಮಾಡಲು 2021ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಗುರುತಿನಲ್ಲಿ ಏನಿದೆ ಎಂದು ಕೇಳುವವರು ಆ ಏಜೆಂಟನನ್ನು ಕೇಳಬಹುದು.

ಇನ್ನು ಕೆಲವರಿದ್ದಾರೆ, ವಿದ್ಯಾವಂತರು. ಇವರಿಗೆ ಬರ್ನಾರ್ಡ್ ಷಾ ಅಡ್ಡ ಸಿಕ್ಕಿಬಿಟ್ಟಿದ್ದಾನೆ. “ಷಾನಂಥ ಷಾನೇ ಅಪಾಸ್ಟ್ರಫಿಯನ್ನು ಕಿತ್ತೊಗೆದ, ನಮ್ಮದೇನು ಹೆಚ್ಚಳ?” ಎನ್ನುತ್ತಾರೆ. ಷಾ ಕಿತ್ತೊಗೆದದ್ದು ಡೋಂಟ್, ವೋಂಟ್ ಮುಂತಾದ ಪದಗಳಲ್ಲಿ, ಅದೂ ಬೇರೆ ಪದವೆಂದು ಭ್ರಮೆಯಾಗದ ಕಡೆ ಮಾತ್ರ. ಆತನ ನಾಟಕಗಳ ಹೆಸರು ನೋಡಿ: ಮಿಸೆಸ್ ವಾರನ್’ಸ್ ಪ್ರೊಫೆಷನ್, ದಿ ಡಾಕ್ಟರ್’ಸ್ ಡಿಲೆಮಾ. ಮೊದಲ ನಾಟಕದ ಹೆಸರು ವಿಡೋಯರ್ಸ್’ ಹೌಸಸ್, ‘ವಿಧುರರ ಮನೆಗಳು’. ‘ರ’ ಇದೆ, ಗುರುತು ಕೊನೆಗಿದೆ. ಹೌಸಸ್ ಎಂಬ ಬಹುವಚನಕ್ಕೆ ಗುರುತಿಲ್ಲ. ನಿಯಮ ಗೊತ್ತಿದ್ದು ಮುರಿಯುವವನಿಗೂ ನಿಯಮವೇ ಗೊತ್ತಿಲ್ಲದವನಿಗೂ ವ್ಯತ್ಯಾಸ ಇಲ್ಲವೆ? ಸನ್ಯಾಸಿ ಊಟ ಬಿಟ್ಟದ್ದೂ ಭಿಕ್ಷುಕನಿಗೆ ಊಟ ಸಿಗದೇ ಇದ್ದದ್ದೂ ಒಂದೇ ಉಪವಾಸವಲ್ಲ.

ಹಾಗೆಂದು ಇದು ದೇವರು ಕೊಟ್ಟ ಶಾಸನವೆಂದೂ ನಾವು ಹೇಳುತ್ತಿಲ್ಲ. ಈ ಚಿಹ್ನೆ ಇಂಗ್ಲಿಷಿಗೆ ಬಂದದ್ದೇ ಹದಿನಾರನೆಯ ಶತಮಾನದಲ್ಲಿ, ಫ್ರೆಂಚರಿಂದ, ಹೆಸರು ಗ್ರೀಕರದು. ಮೂಲ ಕೆಲಸ, ಬಿಟ್ಟುಹೋದ ಅಕ್ಷರದ ಜಾಗ ತೋರಿಸುವುದು. ನಮ್ಮವರಿಗೆ ಇದು ಹೊಸದಲ್ಲ. ‘ಸೋಽಹಂ’ ಎಂದು ಬರೆಯುವಾಗ ನಡುವೆ ಹಾಕುವ ಅವಗ್ರಹ ಮಾಡುವುದೂ ಅದನ್ನೇ: ಇಲ್ಲೊಂದು ಅಕಾರ ಇತ್ತು, ಈಗಿಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಜನ ಎನ್ನಲು ಪದದ ಕೊನೆಗೆ ‘ಎಸ್’ ಎಂಬ ಪೂರ್ತಿ ಪ್ರತ್ಯಯವಿತ್ತು. ಅದರ ಎಕಾರ ಸವೆದು ಲೋಪವಾಯಿತು, ಆ ಲೋಪದ ಗೋರಿಕಲ್ಲೇ ಈಗಿನ ಗುರುತು. ನಾವು ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಬಿಟ್ಟು ಗೋರಿಕಲ್ಲನ್ನೂ ನೆಡದೆ ಮುಂದೆ ಹೋಗುತ್ತೇವೆ. ಅವರು ನೆಟ್ಟರು, ಅಷ್ಟೆ. ನೆಟ್ಟದ್ದೂ ಒಂದೇ ದಿನದಲ್ಲಲ್ಲ. ಶೇಕ್ಸ್‌ಪಿಯರನ ‘ಲವ್’ಸ್ ಲೇಬರ್’ಸ್ ಲಾಸ್ಟ್’ ಈಗ ಎರಡು ಗುರುತು ಹೊತ್ತು ಬರುತ್ತದೆ. 1598ರಲ್ಲಿ ಅಚ್ಚಾದಾಗ ಒಂದೂ ಇರಲಿಲ್ಲ. ಸಕಾರದ ಆಚೆಗಿನ ಗುರುತಂತೂ ಇನ್ನೂ ಎಷ್ಟೋ ಕಾಲದ ಮೇಲೆ ನೆಲೆಯೂರಿತು.

‘ಇಟ್ಸ್’ ಕಥೆ ಇದಕ್ಕಿಂತ ರುಚಿಯಾಗಿದೆ. ‘ಅದರ’ ಎಂಬ ಅರ್ಥದಲ್ಲಿ ಗುರುತು ಬೇಡ, ‘ಅದು ಇದೆ’ ಎಂಬ ಅರ್ಥದಲ್ಲಿ ಮಾತ್ರ ಇಟ್’ಸ್ ಎಂಬುದು ಈಗಿನ ನಿಯಮ. ಹಿಸ್, ಹರ್ಸ್, ಅವರ್ಸ್ ಎಂಬ ಸರ್ವನಾಮಗಳಿಗೂ ಗುರುತಿಲ್ಲವಲ್ಲ, ಅದೇ ಸಾಲಿನಲ್ಲಿ ಇದೂ ಒಂದು. ಆದರೆ 1787ರ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲೇ, ಮೊದಲನೆಯ ವಿಧಿಯ ಹತ್ತನೆಯ ಸೆಕ್ಷನ್ನಿನಲ್ಲಿ, ‘ಅದರ’ ಎನ್ನಬೇಕಾದ ಕಡೆ ಇಟ್’ಸ್ ಎಂದಿದೆ. ಆ ಕಾಲದಲ್ಲಿ ಹಾಗೂ ಬರೆಯುತ್ತಿದ್ದರು. ಈಗ ಬರೆದರೆ ತಪ್ಪು. ಇವತ್ತಿನ ಮೊಬೈಲ್ ಫೋನುಗಳು ಕೆಲವೊಮ್ಮೆ ತಾವಾಗಿಯೇ ಆ ಗುರುತು ಸೇರಿಸಿಬಿಡುತ್ತವೆ. ಫೋನಿನ ಮೇಲೆ ಭಾರ ಹಾಕಿ ಕೂತವರನ್ನು ಯಾರು ಕಾಯಬೇಕು?

ಹಾಗೆಯೇ ಬೇರೆ ಭಾಷೆಯಿಂದ ಬಂದು ಸ್ವರದಲ್ಲಿ ಮುಗಿಯುವ ಪದಗಳ ಬಹುವಚನಕ್ಕೆ ಗುರುತು ಹಾಕುವುದು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ತಪ್ಪಾಗಿರಲಿಲ್ಲ. ಆಪೆರಾ’ಸ್, ಕಾಮಾ’ಸ್ ಎಂದು ಪಂಡಿತರೇ ಬರೆಯುತ್ತಿದ್ದರು. ಈ ಲೆಕ್ಕದಲ್ಲಿ ಮಾಟುಂಗದ ಲಂಚ್ ಹೋಮಿನ ಗೋಡೆಯ ಮೇಲೆ “ಇಡ್ಲಿ’ಸ್, ದೋಸಾ’ಸ್” ಎಂದು ಬರೆಸಿದ ನಮ್ಮ ಉಡುಪಿಯ ಅಣ್ಣ ಮುನ್ನೂರು ವರ್ಷ ತಡವಾಗಿ ಬಂದ ಪಂಡಿತ! ಆತನನ್ನು ನೋಡಿ ನಗುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಹತ್ತು ವರ್ಷದ ಹುಡುಗನಾಗಿ ಊರಿಂದ ಬಂದು, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವನಿಗೆ ವ್ಯಾಕರಣದ ಪಾಠ ಹೇಳುವುದು ದೊಡ್ಡಸ್ತಿಕೆಯಲ್ಲ. ಬಂಡಿಯ ಮೇಲೆ “ಟೊಮ್ಯಾಟೋ’ಸ್” ಎಂದು ಸೀಮೆಸುಣ್ಣದಲ್ಲಿ ಬರೆದ ತರಕಾರಿಯವನಿಗೂ ಅಷ್ಟೆ. ಅವರು ಮಾರುವುದು ದೋಸೆ, ಟೊಮ್ಯಾಟೋ. ದೋಸೆ ಹುಳಿಯಾದರೆ ಕೇಳಿ. ಇಂಗ್ಲಿಷನ್ನೇ ಮಾರುವ ಶಾಲೆ, ಕೋಚಿಂಗ್ ಕ್ಲಾಸು, ಜಾಹೀರಾತು ಕಂಪೆನಿ, ಕಚೇರಿ ಇವುಗಳನ್ನು ಕೇಳುವ ಧೈರ್ಯವಿಲ್ಲದವರು ಬಂಡಿಯವನ ಫೋಟೋ ತೆಗೆದು ವಾಟ್ಸಪ್ಪಿನಲ್ಲಿ ಹಂಚಿ ನಗುತ್ತಾರೆ.

ಇಂಗ್ಲೆಂಡಿನಲ್ಲಿ ಇದಕ್ಕಾಗಿ ಹೋರಾಟಗಳೇ ನಡೆದಿವೆ. ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣಾ ಸಂಘವನ್ನೇ ಕಟ್ಟಿದರು. 2019ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಇನ್ನು ಸಾಕೆಂದು ಮುಚ್ಚುವುದಾಗಿ ಹೇಳಿದರು. ಆಮೇಲೆ ಬೇರೆಯವರು ಅದನ್ನು ಕೈಗೆತ್ತಿಕೊಂಡರು. ಬೀದಿಯ ಫಲಕಗಳಿಂದ ಗುರುತನ್ನು ಕೈಬಿಡಲು ಕೇಂಬ್ರಿಜ್ ನಗರಸಭೆ 2014ರಲ್ಲಿ ಹೊರಟಾಗ ಯಾರೋ ಮಾರ್ಕರ್ ಪೆನ್ನು ಹಿಡಿದು ಫಲಕಗಳನ್ನು ತಿದ್ದಿದರು; ನಗರಸಭೆ ಹಿಂದೆಗೆಯಿತು. ನಾರ್ತ್ ಯಾರ್ಕ್‌ಷೈರಿನಲ್ಲಿ 2024ರಲ್ಲೂ ಇದೇ ಗಲಾಟೆ, ಇದೇ ಫಲ. ಅದೇ ಇಂಗ್ಲೆಂಡಿನ ರಾಜಧಾನಿಯಲ್ಲಿ ಭೂಗತ ರೈಲಿನ ಅಕ್ಕಪಕ್ಕದ ಎರಡು ನಿಲ್ದಾಣಗಳ ಪೈಕಿ ಅರ್ಲ್’ಸ್ ಕೋರ್ಟಿಗೆ ಗುರುತಿದೆ, ಬ್ಯಾರನ್ಸ್ ಕೋರ್ಟಿಗಿಲ್ಲ. ಹೆಸರಿನ ವಿಷಯದಲ್ಲಿ ಇಟ್ಟವರು ಇಟ್ಟಂತೆ ಬರೆಯುವುದೇ ಧರ್ಮ. ಲಯನ್ಸ್ ಕ್ಲಬ್ಬಿಗೆ ಗುರುತಿಲ್ಲವೆಂದರೆ ಇಲ್ಲ. ನಾವು ಸೇರಿಸಿ ಉದ್ಧಾರ ಮಾಡಬೇಕಾಗಿಲ್ಲ.

ಮೇ ತಿಂಗಳಲ್ಲಿ ಎಲ್ಲರ ಫೋನಿಗೂ ಬರುವ ಮದರ್ಸ್ ಡೇ ಶುಭಾಶಯದ ಮಾತೂ ಇಲ್ಲಿ ಬರಬೇಕು. ಅಮೆರಿಕದಲ್ಲಿ 1908ರಲ್ಲಿ ಇದನ್ನು ಆರಂಭಿಸಿದ ಆ್ಯನಾ ಜಾರ್ವಿಸ್ ಎಂಬ ಹೆಂಗಸು ಗುರುತು ಸಕಾರದ ಮೊದಲೇ ಇರಬೇಕೆಂದು ಹಟ ಹಿಡಿದಿದ್ದಳು. ಜಗತ್ತಿನ ತಾಯಂದಿರ ದಿನವಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ನೆನೆಯುವ ದಿನ ಎಂಬುದು ಆಕೆಯ ಮನಸ್ಸು. ನಮ್ಮ ಪತ್ರಿಕೆಗಳು ಅದನ್ನು ‘ತಾಯಂದಿರ ದಿನ’ ಮಾಡಿವೆ. ‘ರ’ ಬಂದು ಕೂತಿತು, ಆಕೆಯ ಹಟ ಮಣ್ಣುಪಾಲಾಯಿತು. ‘ತಾಯಿಯ ದಿನ’ ಎಂದಿದ್ದರೆ ಊರಲ್ಲಿ ಒಬ್ಬಳೇ ಇರುವ ಅಮ್ಮನಿಗೆ ಆ ದಿನ ಒಂದು ಫೋನಾದರೂ ಹೋಗುತ್ತಿತ್ತೋ ಏನೋ.

ಈಗ ನಮ್ಮ ಮುಖ್ಯ ತಕರಾರಿಗೆ ಬರುತ್ತೇವೆ. ಈ ನಗರದಲ್ಲಿ ಎಷ್ಟೋ ಇಂಗ್ಲಿಷ್ ಮಾಧ್ಯಮದ ಶಾಲೆಗಳು ತಾಯ್ತಂದೆಯರನ್ನು ಕರೆಸಿ, “ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ, ಮಗುವಿಗೆ ಗೊಂದಲವಾಗುತ್ತದೆ” ಎಂದು ಉಪದೇಶ ಮಾಡುತ್ತವೆ. ನಮ್ಮವರು ಅದನ್ನು ವೇದವಾಕ್ಯವೆಂದು ತಲೆಬಾಗಿ ಒಪ್ಪಿ, ತಮಗೇ ಸರಿಯಾಗಿ ಬಾರದ ಇಂಗ್ಲಿಷನ್ನು ಅಡಿಗೆಮನೆಗೆ ತಂದಿದ್ದಾರೆ. ಅಜ್ಜಿ ಮೂಕಿಯಾಗಿದ್ದಾಳೆ. ಮಗುವಿಗೆ ‘ಹುಡುಗನ’, ‘ಹುಡುಗರ’ ಎಂಬ ಭೇದ ಕಿವಿಗೆ ಬೀಳುವುದೇ ನಿಂತಿದೆ. ಇಂಗ್ಲಿಷಿನಲ್ಲಿ ಆ ಭೇದ ಕಿವಿಗೆ ಬೀಳುವುದೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಕಲಿಯಬೇಕು? ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ನಾವು ಕಂಡದ್ದು ಇದೇ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಒಮ್ಮೆ ಉಪಾಯ ಹೇಳಿಕೊಟ್ಟರೆ ಸಾಕು, ಕಪ್ಪುಹಲಗೆಯ ಮೇಲೆ ಗುರುತನ್ನು ತಾವಾಗಿಯೇ ಸರಿಯಾದ ಜಾಗದಲ್ಲಿಡುತ್ತವೆ. ಆಡದ ಮಕ್ಕಳು, ಶಾಲೆಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಪಡೆದವು ಕೂಡ, ಮೇಲೆ ನೋಡುತ್ತ ನಿಲ್ಲುತ್ತವೆ. ಪಕ್ಕದ ಮನೆಯ ಮರಾಠಿ ಹುಡುಗನಿಗೂ ಈ ಅನುಕೂಲವಿದೆ: ‘ಮುಲಾಚೇ’ ಎಂದರೆ ಹುಡುಗನದು, ಒಂದು ಬಿಂದು ಸೇರಿಸಿ ‘ಮುಲಾಂಚೇ’ ಎಂದರೆ ಹುಡುಗರದು. ಯಾವುದೋ ಒಂದು ಭಾಷೆ ಮನೆಯಲ್ಲಿ ಗಟ್ಟಿಯಾಗಿದ್ದರೆ ಇನ್ನೊಂದನ್ನು ಅದರ ಮೇಲೆ ಕಟ್ಟಬಹುದು. ತಳಪಾಯ ಕಿತ್ತು ಮಹಡಿ ಏರಿಸುವ ಕೆಲಸವನ್ನು ನಮ್ಮವರು ಫೀಸು ಕಟ್ಟಿ ಮಾಡಿಸಿಕೊಳ್ಳುತ್ತಿದ್ದಾರೆ.

“ಹಾಗಾದರೆ ಇಂಗ್ಲಿಷಿಗಾಗಿ ಕನ್ನಡ ಕಲಿಸಬೇಕೆ? ಇದು ಕನ್ನಡಕ್ಕೆ ಅವಮಾನ” ಎಂದು ಅಭಿಮಾನಿಗಳು ಕನಲಬಹುದು. ಕನಲಲಿ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಶಾಲು ಹೊದೆಸಿ ಭಾಷಣ ಮಾಡಿದರೂ ಮನೆಗೆ ಬಾರದ ಕನ್ನಡ, ಅಂಕಗಳ ಆಸೆಯಿಂದಲಾದರೂ ಬಂದರೆ ನಮ್ಮ ಅಭ್ಯಂತರವಿಲ್ಲ.

ಕೊನೆಯದಾಗಿ ಸಂಘದ ಕಾರ್ಯಕಾರಿ ಸಮಿತಿಯ ಗಮನಕ್ಕೆ. ನಮ್ಮ ಸದಸ್ಯತ್ವದ ಅರ್ಜಿಯಲ್ಲಿ ಹೆಂಗಸರು ತುಂಬಬೇಕಾದ ಒಂದು ಅಂಕಣ “ಹಸ್ಬೆಂಡ್ಸ್’ ನೇಮ್” ಎಂದು ಅಚ್ಚಾಗಿದೆ. ಕನ್ನಡದಲ್ಲಿ ಹೇಳಿಕೊಂಡು ನೋಡಿ: ‘ಗಂಡಂದಿರ ಹೆಸರು’. ಈ ಪ್ರಶ್ನೆಗೆ ಉತ್ತರ ಬರೆಯಬಲ್ಲವಳು ಮಹಾಭಾರತದಲ್ಲಿ ಒಬ್ಬಳಿದ್ದಳು. ನಮ್ಮ ಸಂಘದಲ್ಲಿ ಯಾರೂ ಇಲ್ಲ. ಗುರುತನ್ನು ಸಕಾರದ ಮೊದಲಿಗೆ ತರಬೇಕೆಂದೂ, ಮುಂದಿನ ಸಲ ಅಚ್ಚುಹಾಕಿಸುವಾಗ ಅರ್ಜಿಯನ್ನು ಕನ್ನಡದಲ್ಲಿಯೂ ಮುದ್ರಿಸಬೇಕೆಂದೂ ಬರುವ ವಾರ್ಷಿಕ ಮಹಾಸಭೆಯಲ್ಲಿ ಗೊತ್ತುವಳಿ ಮಂಡಿಸಲಿದ್ದೇವೆ. ಅನುಮೋದಿಸಲು ಒಬ್ಬರು ಬೇಕಾಗಿದ್ದಾರೆ.